ಹಸಿ ಡಾಂಬರಿನ ಮೇಲೆ ಹುರುಳಿ

ಧೈರ್ಯವಿದ್ದರೆ ಇದನ್ನು ನಂಬದೆ ಇರಿ, ನೋಡೋಣ. ಹತ್ತಿ ತುಂಬಿದ ಲಾರಿ, ಸರ್ಕಾರಿ ಬಸ್ಸು, ಕಪ್ಪು ಗಾಜಿನ ಕಾರು, ಹಿಂದೆ ಮುಂದೆ ನೋಡದೆ ನುಗ್ಗುವ ಹುಡುಗರ ಬೈಕು, ಇವೆಲ್ಲವನ್ನೂ ನಾನು ಹೆದ್ದಾರಿಯ ಮೇಲೆ ಹಾಡಹಗಲಲ್ಲಿ ಎತ್ತಿನ ಗಾಡಿಯ ನಡಿಗೆಗೆ ಇಳಿಸಿದ್ದೇನೆ. ಪೊಲೀಸರು ಇರಲಿಲ್ಲ, ಸ್ಪೀಡ್ ಬ್ರೇಕರ್ ಇರಲಿಲ್ಲ. ಬರೀ ಬಾಯಿಮಾತು. ನಂಬದಿದ್ದರೂ ನನಗೇನೂ ಬೇಸರವಿಲ್ಲ. ನಮ್ಮೂರಿನವರು ನಾನು ಹೇಳಿದ ಯಾವುದನ್ನೂ ನಂಬುವುದಿಲ್ಲ. ಆ ಹೆಸರನ್ನು ನಾನು ಸುಮ್ಮನೆ ಪಡೆದವನಲ್ಲ, ಜೀವಮಾನವಿಡೀ ದುಡಿದು ಸಂಪಾದಿಸಿದವನು.

ನಮ್ಮೂರು ಆದೋನಿಯಿಂದ ಎಮ್ಮಿಗನೂರಿಗೆ ಹೋಗುವ ರಸ್ತೆಯ ಮೇಲಿದೆ. ಬಸ್ ನಿಲ್ದಾಣದ ಕಲ್ಲುಬೆಂಚೇ ನನ್ನ ಕಚೇರಿ. ಅಲ್ಲಿ ಕೂತು ನಾನು ಮಾಡಿದ ಕೆಲಸಗಳು ಒಂದೆರಡಲ್ಲ. ಮದ್ದಿಕೇರದಿಂದ ಬಂದ ಬೀಗರನ್ನು, ನೀವು ಹೋಗಬೇಕಾದ ಊರು ಇದಲ್ಲ, ಮುಂದಿನ ಸ್ಟಾಪು ಎಂದು ಬಸ್ಸು ಹತ್ತಿಸಿ ಕಳಿಸಿದ್ದೇನೆ. ನಾಗಲದಿನ್ನೆಯ ಹೊಳೆಯಿಂದ ಮರಳಿನ ಟ್ರ್ಯಾಕ್ಟರಿನಲ್ಲಿ ಮೊಸಳೆಯೊಂದು ಕೂತು ಬಂದಿದೆ ಎಂದು ಹೇಳಿ ಅರ್ಧ ಊರನ್ನು ಶಾಲೆಯ ಹಿಂದೆ ಓಡಿಸಿದ್ದೇನೆ. ಹೋದವರಲ್ಲಿ ಇಬ್ಬರು ಮೊಸಳೆಯ ಬಾಲ ಕಂಡೆವೆಂದು ವಾಪಸ್ಸು ಬಂದು ನನಗೇ ಹೇಳಿದರು. ಸುಳ್ಳು ಚೆನ್ನಾಗಿದ್ದರೆ ಹೀಗೆ, ಹೇಳಿದವನಿಗಿಂತ ಕೇಳಿದವನೇ ಅದನ್ನು ಹೆಚ್ಚು ಬೆಳೆಸುತ್ತಾನೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ರಸ್ತೆ ಕೆಲಸದ ಜೀಪು ನನ್ನ ಬೆಂಚಿನ ಮುಂದೆ ನಿಂತಿತು. ಇಳಿದವಳು ಕೆಲಸದ ಉಸ್ತುವಾರಿಯ ಇಂಜಿನಿಯರಮ್ಮ. ನನ್ನ ಮೊಮ್ಮಗಳ ವಯಸ್ಸು, ತಲೆಯ ಮೇಲೆ ಹಳದಿ ಟೋಪಿ, ಸಮುದ್ರದ ಕಡೆಯ ತೆಲುಗು. ನಾನು ತೆಲುಗು ಕನ್ನಡ ಎರಡನ್ನೂ ಕಲಸಿಕೊಂಡೇ ಮಾತಾಡುವವನು, ಹಾಗಾಗಿ ನಮಗೆ ತೊಂದರೆಯಾಗಲಿಲ್ಲ. ಅವಳ ಮಾತನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ತಾತಾ, ದಿನವೆಲ್ಲಾ ಇಲ್ಲೇ ಕೂತಿರ್ತೀರಂತೆ. ಕೂರೋ ಬದಲು ನಿಂತ್ಕೊಳ್ತೀರಾ?" ಎಂದು ಒಂದು ಕೆಂಪು ಬಾವುಟ, ಒಂದು ಹಸಿರು ಬಾವುಟ ಚಾಚಿದಳು.

ನನ್ನ ಬಗ್ಗೆ ಅವಳು ಯಾರನ್ನೂ ವಿಚಾರಿಸಿರಲಿಲ್ಲ. ವಿಚಾರಿಸಿದ್ದರೆ ಬಾವುಟಗಳನ್ನು ಬೇವಿನ ಮರಕ್ಕೆ ಕಟ್ಟಿ ಹೋಗುತ್ತಿದ್ದಳು. ಅದಕ್ಕೇ ಇಸಿದುಕೊಂಡೆ. ಸುತ್ತಲ ಊರುಗಳಲ್ಲಿ ನನ್ನ ಮಾತನ್ನು ಕಣ್ಣು ಮುಚ್ಚಿ ನಂಬುವ ಮನುಷ್ಯ ಒಬ್ಬರೂ ಉಳಿದಿರಲಿಲ್ಲ. ಹೊಸದಾಗಿ ಒಬ್ಬಳು ಸಿಕ್ಕಿದ್ದಳು.

"ಅಲ್ಲಮ್ಮಾ, ರಸ್ತಾ ಚಲೋ ಐತಲ್ಲ. ಒಂದು ಗುಂಡಿ ಇಲ್ಲ. ಇದಕ್ಕ ಮತ್ತ್ಯಾಕ ಡಾಂಬರು?" ಎಂದು ಕೇಳಿದೆ.

ಅವಳು ನನ್ನನ್ನು ರಸ್ತೆಯ ನಡುವೆ ಕರೆದುಕೊಂಡು ಹೋಗಿ ಬಗ್ಗಿಸಿದಳು. ಕೂದಲೆಳೆಯಂಥ ಬಿರುಕುಗಳು ಅಲ್ಲಲ್ಲಿ ಹರಿದಿದ್ದವು. ದಿನಾ ಅದರ ಮೇಲೆ ಓಡಾಡಿದ್ದೇನೆ, ಕಂಡಿರಲಿಲ್ಲ. "ಗುಂಡಿ ಬಿದ್ದಿಲ್ಲ ಅಂತಾನೇ ಈಗ ಮಾಡೋದು ತಾತಾ. ಇದರೊಳಗೆ ಮಳೆ ನೀರು ಇಳಿದರೆ ಆಮೇಲೆ ರಸ್ತೇನೇ ಕಿತ್ತು ಹೊಸದಾಗಿ ಹಾಕಬೇಕು" ಎಂದಳು.

ನನಗೆ ಥಟ್ಟನೆ ತಿಳಿಯಿತು. ನಮ್ಮ ಕಡೆಯವು ಮಣ್ಣಿನ ಮಾಳಿಗೆಯ ಮನೆಗಳು. ಮಳೆಗಾಲಕ್ಕೆ ಮುಂಚೆ ಚೌಳು ಮಣ್ಣು ತಂದು ಮಾಳಿಗೆಯ ಮೇಲೆ ಹರಡಿ ತುಳಿಯುತ್ತೇವೆ. ಸೋರಲು ಶುರುವಾದ ಮೇಲೆ ಹರಡಿದರೆ ಕೆಸರಾಗುತ್ತದೆಯೇ ಹೊರತು ಸೋರುವುದು ನಿಲ್ಲುವುದಿಲ್ಲ. ಸರ್ಕಾರ ರಸ್ತೆಗೆ ಚೌಳು ಹಾಕುತ್ತಿದೆ, ಅಷ್ಟೇ.

ಕೆಲಸದ ರೀತಿ ಹೀಗಿತ್ತು. ಮೊದಲು ಬಿರುಕುಗಳ ಧೂಳನ್ನು ಗಾಳಿ ಯಂತ್ರದಿಂದ ಊದಿ ಬಿಸಿ ಡಾಂಬರು ತುಂಬುವುದು. ಆಮೇಲೆ ಟ್ಯಾಂಕರಿನಿಂದ ರಸ್ತೆಯ ಅರ್ಧ ಅಗಲಕ್ಕೆ ತೆಳ್ಳಗೆ ಡಾಂಬರು ಚಿಮುಕಿಸಿ, ಅದರ ಬೆನ್ನಿಗೇ ಬೇಬಿ ಚಿಪ್ಸ್ ಎಂದು ಕರೆಯುವ ಸಣ್ಣ ಜಲ್ಲಿಯನ್ನು ಹರಡಿ ರೋಲರ್ ಓಡಿಸುವುದು. ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಇಲ್ಲ. ಕೊನೆಯ ಕೆಲಸ ಗಾಡಿಗಳದ್ದು. ಹೊಸ ಜಲ್ಲಿಯ ಮೇಲೆ ಗಾಡಿಗಳು ನಿಧಾನವಾಗಿ ಹೋದರೆ ಅವುಗಳ ಚಕ್ರವೇ ಜಲ್ಲಿಯನ್ನು ಒತ್ತಿ ಕೂರಿಸುತ್ತದೆ. ಜೋರಾಗಿ ಹೋದರೆ ಅದೇ ಚಕ್ರ ಜಲ್ಲಿಯನ್ನು ಕಿತ್ತು ಎರಚುತ್ತದೆ. ಹಿಂದಿನ ಗಾಡಿಯ ಗಾಜು ಒಡೆಯುತ್ತದೆ, ಬೈಕಿನವನು ಜಾರುತ್ತಾನೆ, ರಸ್ತೆ ಬೋಳಾಗುತ್ತದೆ.

ಹೀಗಾಗಿ ಆ ದಾರಿಯಲ್ಲಿ ಬರುವವರು ಒಂದಿಷ್ಟು ತಾಳ್ಮೆ ತರಬೇಕಿತ್ತು. ಬಾವುಟದ ಬಳಿ ನಿಲ್ಲಬೇಕು, ಒಂದು ಕಡೆಯವರು ಹೋದ ಮೇಲೆ ಇನ್ನೊಂದು ಕಡೆಯವರು. ಮುಂದಿನ ಗಾಡಿಯಿಂದ ದೂರ ಇರಬೇಕು. ಹಿಂದೆ ಹಾಕಬಾರದು, ಜೋರಾಗಿ ಬ್ರೇಕು ಒತ್ತಬಾರದು. ಬಿಳಿ ಗೆರೆ ಕಾಣದಿದ್ದರೆ ಗಾಬರಿಯಾಗಬಾರದು, ಮಾರನೆಯ ದಿನ ಸಡಿಲ ಜಲ್ಲಿ ಗುಡಿಸಿದ ಮೇಲೆ ಬಳಿಯುತ್ತಾರೆ. ಮಡ್‌ಗಾರ್ಡಿಗೆ ಡಾಂಬರು ಸಿಡಿದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರಾಯಿತು. ಇವನ್ನೆಲ್ಲಾ ಇಂಜಿನಿಯರಮ್ಮ ನನಗೆ ಪಾಠ ಹೇಳಿಕೊಟ್ಟಳು. ನಾನು ಜಾಣ ವಿದ್ಯಾರ್ಥಿ.

ಮೊದಲ ದಿನ ಬಾವುಟ ಹಿಡಿದು ನಿಂತೆ. ಮೊದಲು ಬಂದವನು ಆದೋನಿಯ ಮಿಲ್ಲಿಗೆ ಹತ್ತಿ ಹೊಡೆಯುವ ಲಾರಿಯವನು. ನನ್ನ ಹಳೆಯ ಗಿರಾಕಿ.

"ಏ ತಾತ, ಇದ್ಯಾವ ಪಾರ್ಟಿ ಬಾವುಟ?"

"ಎರಡೂ ಪಾರ್ಟಿದು. ಕೆಂಪು ಎತ್ತಿದ್ರ ನಿಂದರಬೇಕು, ಹಸಿರು ಎತ್ತಿದ್ರ ಮೆಲ್ಲಕ ಹೋಗಬೇಕು. ಮುಂದ ಹೊಸ ಜಲ್ಲಿ ಹಾಕ್ಯಾರ, ಜಾರತೈತಿ."

"ಹೌದೌದು. ಜಲ್ಲಿ ಮ್ಯಾಲೆ ಮೊಸಳಿ ಮಲಗಿರಬೇಕು!" ಎಂದು ಗೇರು ಬದಲಿಸಿ ಹೋಗೇ ಬಿಟ್ಟ. ಅವನ ಹಿಂದೆ ಬಂದ ಬೈಕಿನ ಹುಡುಗರು, "ಲೇ, ತಾತ ಹೊಸ ಆಟ ಶುರು ಮಾಡ್ಯಾನ, ಹೊಡಿ ಹೊಡಿ" ಎಂದು ನನ್ನ ಸುತ್ತ ಒಂದು ಸುತ್ತು ಹಾಕಿ ನುಗ್ಗಿದರು. ಸ್ವಲ್ಪ ಮುಂದೆ 'ನಿಧಾನ' ಎಂದು ಬರೆದ ಹಲಗೆಯೂ ಇತ್ತು. ನಮ್ಮ ದಾರಿಯ ಜನ ಹಲಗೆಯನ್ನು ಎಮ್ಮೆ ಮೈಯುಜ್ಜಲು ನೆಟ್ಟದ್ದೆಂದು ತಿಳಿದಿದ್ದಾರೆ.

ಪರವೂರಿನವರು ಮಾತ್ರ ನನ್ನ ಮಾತಿಗೆ ನಿಂತರು. ನಮ್ಮವರು ಒಬ್ಬರೂ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜಲ್ಲಿ ಎರಡೂ ಬದಿಯ ಹೊಲಕ್ಕೆ ಹಾರಿತ್ತು. ಹಾಲಿನ ಕ್ಯಾನು ಕಟ್ಟಿಕೊಂಡು ಬಂದವನು ಬ್ರೇಕು ಒತ್ತಿ ಜಾರಿ ಬಿದ್ದು ಮೊಣಕೈ ತರಚಿಕೊಂಡ. ಹಾಲು ಡಾಂಬರಿನ ಮೇಲೆ ಬೆಳ್ಳಗೆ ಹರಿಯಿತು. ನಾನು ಎಬ್ಬಿಸಲು ಹೋದಾಗ ಅವನು, "ಖರೇ ಐತಿ ಅಂತ ಒಂದು ಮಾತು ಹೇಳಬಾರದೇನು ತಾತ?" ಎಂದ. "ಹೇಳಿದ್ನಲ್ಲೋ." "ನೀ ಹೇಳಿದಿ. ಬ್ಯಾರೇರ ಕೈಲಿ ಹೇಳಿಸಬೇಕಿತ್ತು."

ಆ ಮಾತು ನನ್ನೊಳಗೆ ಎಲ್ಲೋ ಹೋಗಿ ಕೂತಿತು. ಇಷ್ಟು ವರ್ಷ ನನ್ನ ಸುಳ್ಳಿನಿಂದ ಯಾರಿಗೂ ಗಾಯವಾಗಿರಲಿಲ್ಲ. ಆ ದಿನ ನಾನು ನಿಜ ಹೇಳಿ ಒಬ್ಬನ ಮೊಣಕೈ ಕಿತ್ತುಹೋಗಿತ್ತು.

ಸಂಜೆ ಇಂಜಿನಿಯರಮ್ಮ ಬೋಳಾದ ರಸ್ತೆಯನ್ನು ನೋಡುತ್ತಾ ಫೋನಿನಲ್ಲಿ ಬರೀ "ಸರ್, ಸರ್" ಎನ್ನುತ್ತಿದ್ದಳು. ಇಟ್ಟ ಮೇಲೆ ನನ್ನ ಹತ್ತಿರ ಬಂದಳು. "ನಾಳೆ ಮಾಡೋ ಭಾಗವೂ ಹೀಗಾದರೆ ನನ್ನನ್ನ ಆಫೀಸಿಗೆ ಕರೆಸಿಕೊಳ್ತಾರಂತೆ ತಾತಾ. ಈ ರಸ್ತೆ ಬೇರೆಯವರಿಗೆ. ನಾಡಿದ್ದು ಸಾಹೇಬರು ಬಂದು ನೋಡ್ತಾರೆ" ಎಂದಳು. ಇದು ಅವಳು ತಾನೇ ನಿಂತು ಮಾಡಿಸುತ್ತಿದ್ದ ಮೊದಲ ರಸ್ತೆ. ನನ್ನ ಮೇಲೆ ಒಂದು ಮಾತು ಎತ್ತಲಿಲ್ಲ. "ನೀವು ಎಷ್ಟು ಕೂಗಿದಿರಿ, ನಾನೇ ಕೇಳಿಸಿಕೊಂಡೆ. ಜನ ಯಾಕೆ ಹೀಗೆ?" ಎಂದು ಕೇಳಿದಳು. ಯಾಕೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಮನೆಗೆ ಹೋದರೆ ನನ್ನ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. ಅವಳಿಗೂ ರಸ್ತೆ ಕೆಲಸದ ಮೇಲೆ ಸಿಟ್ಟು. ನಮ್ಮ ಕಡೆ ಸುಗ್ಗಿಯಲ್ಲಿ ಹುರುಳಿ, ನವಣೆ, ಸಜ್ಜೆ ಏನು ಕೊಯ್ದರೂ ಡಾಂಬರು ರಸ್ತೆಯ ಮೇಲೆ ಹರಡುತ್ತೇವೆ. ಬಸ್ಸು ಲಾರಿ ಅದರ ಮೇಲೆ ಹೋಗಿ ಹೋಗಿ ಕಾಳು ಬಿಡಿಸಿಕೊಡುತ್ತವೆ. ಕಣ ಮಾಡುವ, ಎತ್ತು ಕಟ್ಟುವ ಕೆಲಸವಿಲ್ಲ. ತಪ್ಪೆಂದು ಪೊಲೀಸರು ಹೇಳುತ್ತಲೇ ಇರುತ್ತಾರೆ, ನಾವು ಹರಡುತ್ತಲೇ ಇರುತ್ತೇವೆ. ನಮ್ಮ ಹುರುಳಿಯ ಬಣವೆ ರಸ್ತೆಯ ಪಕ್ಕ, ಮಾರನೆಯ ದಿನ ಡಾಂಬರು ಬೀಳುವ ಜಾಗದಲ್ಲೇ, ಒಣಗಿ ಗಲಗಲ ಎನ್ನುತ್ತಾ ಕೂತಿತ್ತು.

"ನಿಮ್ಮ ಮೇಡಮ್ಮ ನನ್ನ ಕಣಕ್ಕ ಎಣ್ಣಿ ಬಳೀಲಿಕ್ಕ ಹತ್ಯಾಳ. ನನ್ನ ಹುರುಳಿ ಎಲ್ಲಿ ಹಾಕಲಿ, ನಿಮ್ಮ ತಲಿ ಮ್ಯಾಲೇನು?" ಎಂದಳು.

ಆಗಲೇ ನನಗೆ ಹೊಳೆದದ್ದು. ನಮ್ಮ ಚಾಲಕರು ಹಲಗೆಗೆ ನಿಲ್ಲುವುದಿಲ್ಲ, ಬಾವುಟಕ್ಕೆ ನಿಲ್ಲುವುದಿಲ್ಲ. ಆದರೆ ರಸ್ತೆಯ ಮೇಲೆ ಬೆಳೆ ಹರಡಿ, ಪಕ್ಕದಲ್ಲಿ ಕೋಲು ಹಿಡಿದು ಕೂತ ಮುದುಕಿಯನ್ನು ಕಂಡರೆ ಎಂಥವನೂ ನಿಧಾನವಾಗುತ್ತಾನೆ. ಹುರುಳಿಯ ಕಡ್ಡಿ ಚಕ್ರಕ್ಕೆ ಸುತ್ತಿಕೊಂಡರೆ ಏನಾಗುತ್ತದೆಂದು ಗೊತ್ತು. ಬ್ರೇಕು ಒತ್ತಬಾರದು, ಹ್ಯಾಂಡಲ್ ತಿರುಗಿಸಬಾರದು, ನೆಟ್ಟಗೆ ಮೆಲ್ಲಗೆ ಹೋಗಬೇಕು. ಕಾಳು ಹಾರಿಸಿದರೆ ಮುದುಕಿ ಏಳೇಳು ತಲೆಮಾರನ್ನೂ ಎತ್ತಿ ಬೈಯುತ್ತಾಳೆ, ಅದೂ ಗೊತ್ತು. ಹೊಸ ಜಲ್ಲಿಯ ಮೇಲೆ ಹೇಗೆ ಹೋಗಬೇಕೋ ಅದನ್ನು ಅವರೆಲ್ಲ ಎಂದೋ ಕಲಿತಿದ್ದರು. ಜಲ್ಲಿಯೆಂಬ ಹೆಸರಿನಲ್ಲಿ ಕಲಿತಿರಲಿಲ್ಲ.

ಮರುದಿನ ನಾನು ಮಾತು ಬದಲಿಸಿದೆ.

ಅದೇ ಹತ್ತಿ ಲಾರಿಯವನು ಬಂದ. "ಏನ್ ತಾತ, ಜಲ್ಲಿ ಇನ್ನೂ ಜಾರತೈತೇನು?"

"ಜಲ್ಲಿ ಸುಟ್ಟು ಹೋಗಲಿ ಬಿಡಪಾ. ಮುಂದ ನಮ್ಮಾಕಿ ಹುರುಳಿ ಹಾಕ್ಯಾಳ. ಕೋಲು ಹಿಡಕೊಂಡು ಕುಂತಾಳ. ನಿನ್ನೆ ಕಾಳು ಹಾರಿಸಿದ್ದು ನೀನೇ ಅಂತ ಯಾರೋ ಹೇಳ್ಯಾರ."

ಅವನ ಮುಖದ ನಗು ಇಳಿಯಿತು. "ನಾನಲ್ಲ ತಾತ, ದೇವರಾಣಿ. ಅಜ್ಜಿಗೆ ಹೇಳು." ಲಾರಿ ಮದುವೆ ಮೆರವಣಿಗೆಯ ಹಾಗೆ ಹೊರಟಿತು. ನಂತರ ಬಂದ ಬಸ್ಸಿನ ಡ್ರೈವರು ತಾನೇ ಕೇಳಿದ, "ಹುರುಳಿ ಅಂತಲ್ಲ, ಯಾವ ಕಡಿ ಮಗ್ಗಲಿಗೆ ಐತಿ?" ಬೈಕಿನ ಹುಡುಗರು ಕಾಲು ಎರಡೂ ಬದಿಗೆ ಇಳಿಬಿಟ್ಟುಕೊಂಡು ತೆವಳಿದರು. ರಸ್ತೆಯ ಆ ತುದಿಯಲ್ಲಿ ಎದುರಿನ ಗಾಡಿಗಳಿಗೆ ಬಾವುಟ ಹಿಡಿದಿದ್ದವನಿಗೂ ನಾನು ಫೋನಿನಲ್ಲಿ ಇದೇ ಪಾಠ ಒಪ್ಪಿಸಿದೆ. ದೂರದಲ್ಲಿ ರೋಲರಿನ ಪಕ್ಕ ನಿಂತಿದ್ದ ಇಂಜಿನಿಯರಮ್ಮ ತೆವಳುವ ಸಾಲನ್ನು ನೋಡಿ ನನ್ನ ಕಡೆ ತಿರುಗಿ ಎರಡೂ ಕೈ ಎತ್ತಿದಳು. ನನ್ನ ಎದೆ ಕಡಪದ ತನಕ ಅಗಲವಾಯಿತು.

ಅಷ್ಟರಲ್ಲಿ ಆ ತುದಿಯವನ ಫೋನು. "ತಾತ, ಅರ್ಧ ದಾರಿ ಮೆಲ್ಲಕ ಬರ್ತಾರ, ಮುದುಕಿ ಕಾಣಲಿಲ್ಲ ಅಂದ್ರ ಅಲ್ಲಿಂದ ಎದ್ದು ಬಿದ್ದು ಓಡಸ್ತಾರ. ನಿನ್ನ ಮುದುಕಿ ಎಲ್ಲಿ?"

ನನ್ನ ಮುದುಕಿ ಮನೆಯಲ್ಲಿ ಸಾರು ಕುದಿಸುತ್ತಿದ್ದಳು. ಬಾವುಟವನ್ನು ಟ್ಯಾಂಕರಿನ ಕೆಲಸದವನ ಕೈಗೆ ಕೊಟ್ಟು ಓಡಿದೆ.

"ಏ, ಏಳು. ಬಣವಿ ಹತ್ರ ಹೋಗಿ ಕೋಲು ಹಿಡಕೊಂಡು ಕೂಡು. ಬರೀ ಕೂಡಬೇಕು, ಏನೂ ಮಾಡಬ್ಯಾಡ."

"ಯಾಕ?"

"ಮೇಡಮ್ಮನ ಕೆಲಸ ಉಳೀತೈತಿ."

"ಇದು ಖರೇನೋ, ನಿಮ್ಮ ಮೊಸಳಿನೋ?"

"ಖರೇ."

ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ನನ್ನ ಜೊತೆ ಬಾಳಿದವಳು, ಸುಳ್ಳು ಹೇಳುವಾಗ ನನ್ನ ಎಡಗಿವಿ ಅಲುಗುತ್ತದೆಂದು ಅವಳ ನಂಬಿಕೆ. ಕಿವಿ ಅಲುಗಿರಲಿಲ್ಲವೆಂದು ಕಾಣುತ್ತದೆ. ಸಾರು ಇಳಿಸಿ, ಕೊಡೆ ಕೋಲು ಹಿಡಿದು ಹೊರಟಳು.

ಆಮೇಲಿನದು ನೋಡಬೇಕಿತ್ತು. ಬಣವೆಯ ಮುಂದೆ ಕೊಡೆ ಬಿಚ್ಚಿಕೊಂಡು, ಕೋಲನ್ನು ಅಡ್ಡ ಇಟ್ಟುಕೊಂಡು ಕೂತಳು. ಹೋಗುವವರೆಲ್ಲ, "ಅಜ್ಜಿ, ಹುರುಳಿ ಚಲೋ ಬಂದೈತಲ್ಲ" ಎಂದು ಮಾತಾಡಿಸಿಕೊಂಡು ಹೋದರು. ಕಪ್ಪು ಗಾಜಿನ ಕಾರಿನವನು ಹಾರನ್ ಹೊಡೆದದ್ದಕ್ಕೆ ಕೋಲಿನಿಂದ ಅವನ ಬಾನೆಟ್ಟನ್ನು ಮುಟ್ಟಿ, "ಆಸ್ಪತ್ರಿಗೆ ಹೊಂಟಿಯೇನು? ಇಲ್ಲಾ? ಹಂಗಾರ ಮೆಲ್ಲಕ ಹೋಗು, ಇಲ್ಲಂದ್ರ ಅಲ್ಲಿಗೇ ಹೋಗ್ತಿ" ಎಂದಳಂತೆ. ಅವನು ಗಾಜು ಇಳಿಸಿ ಕ್ಷಮೆ ಕೇಳಿ ಹೋದ.

ಆದರೆ ನಾನು ಒಂದು ಲೆಕ್ಕ ತಪ್ಪಿದ್ದೆ. ಒಣಗಿದ ಹುರುಳಿ ಒಂದು ಕಡೆ, ಮೆತ್ತಗೆ ಉರುಳುತ್ತಾ ಹೋಗುವ ಚಕ್ರಗಳು ಇನ್ನೊಂದು ಕಡೆ. ನಡುವೆ ನಮ್ಮ ಕಡೆಯ ಹೆಂಗಸನ್ನು ಸುಮ್ಮನೆ ಕೂಡಿಸಿದರೆ ಕೈ ಸುಮ್ಮನಿರುತ್ತದೆಯೇ? ಇಷ್ಟು ಗಾಡಿ ದಂಡಕ್ಕೆ ಹೋಗುತ್ತಿವೆಯಲ್ಲ ಎಂದು ಅವಳಿಗೆ ಹೊಟ್ಟೆ ಉರಿಯಿತು. ಒಂದು ಹೊರೆ ಎಳೆದು ಅಂಚಿಗೆ ಹಾಕಿದಳು. ಚಕ್ರ ಹತ್ತಿತು, ಕಾಳು ಬಿಟ್ಟಿತು. ಇನ್ನೊಂದು ಹೊರೆ ಹಾಕಿದಳು.

ನಾನು ಹೋಗಿ ನೋಡುವ ಹೊತ್ತಿಗೆ ಇಂಜಿನಿಯರಮ್ಮ ಅಲ್ಲಿ ಮಂಡಿಯೂರಿ ಕೂತಿದ್ದಳು. ಅಂಚಿನಲ್ಲಿ ಒಂದು ಚಾಪೆಯಗಲ ಜಾಗದಲ್ಲಿ ಹುರುಳಿಕಾಳು ಜಲ್ಲಿಯ ಜೊತೆ ಹಸಿ ಡಾಂಬರಿಗೆ ಅಂಟಿ, ಚಕ್ರಗಳ ಒತ್ತಿಗೆ ಒಳಗೆ ಇಳಿದು ಕೂತಿತ್ತು. ಉಗುರಿನಲ್ಲಿ ಕೀಳಲು ನೋಡಿದಳು. ಬರಲಿಲ್ಲ.

"ತಾತಾ, ಇದೇನು?" ಎಂದು ನನ್ನ ಕಡೆ ತಿರುಗಿದಳು.

ನನ್ನ ಹೆಂಡತಿ ನನಗಿಂತ ಮೊದಲೇ ಬಾಯಿ ತೆರೆದಳು. "ನನ್ನ ಹುರುಳಿನೂ ಹೋತು, ನಿನ್ನ ರಸ್ತಾನೂ ಹೋತು. ಈ ಮನುಷ್ಯನ ಮಾತು ಕೇಳಬಾರದು ಅಂತ ಊರಿಗೆಲ್ಲಾ ಗೊತ್ತೈತಿ, ನಾವಿಬ್ಬರೇ ಹುಚ್ಚರು ಕೇಳಿದಿವಿ." ಅಷ್ಟಕ್ಕೆ ನಿಲ್ಲಲಿಲ್ಲ. ಮೊಸಳೆಯ ಕಥೆ, ಬೀಗರ ಕಥೆ, ಆ ದಿನ ನಾನು ಚಾಲಕರಿಗೆ ಹೇಳಿದ ಮಾತು, ಎಲ್ಲಾ ಹೊರಗೆ ಬಂದವು. ಇಂಜಿನಿಯರಮ್ಮ ಕೇಳಿಸಿಕೊಂಡಳು. ಎದ್ದು ರೋಲರಿನ ಕಡೆ ನಡೆದಳು.

ಮಾರನೆಯ ದಿನ ಕರ್ನೂಲಿನಿಂದ ಸಾಹೇಬರು ಬಂದರು. ಸಡಿಲ ಜಲ್ಲಿ ಗುಡಿಸಿಯಾಗಿತ್ತು. ಆ ಮನುಷ್ಯ ದಾರಿಯುದ್ದಕ್ಕೂ ನಡೆದು, ಅಲ್ಲಲ್ಲಿ ನಿಂತು ಬೂಟಿನ ತುದಿಯಿಂದ ಕೆರೆದು ನೋಡಿದರು. ಜಲ್ಲಿ ಏಳಲಿಲ್ಲ. ಹಿಂದಿನ ದಿನವೆಲ್ಲಾ ಮೆಲ್ಲಗೆ ಹೋದ ಚಕ್ರಗಳು ತಮ್ಮ ಕೆಲಸ ಮಾಡಿದ್ದವು. ಬಣವೆಯ ಹತ್ತಿರ ಬಂದಾಗ ಅವರ ಬೂಟು ನಿಂತಿತು.

"ಇದೇನಿದು, ಕಂದು ಬಣ್ಣ?"

ನಾನು ಬಾಯಿ ತೆರೆಯುವವನಿದ್ದೆ. ನನ್ನ ಬಳಿ ಎಂಥೆಂಥ ಉತ್ತರಗಳಿದ್ದವು! ಹಕ್ಕಿ ತಂದು ಹಾಕಿದ್ದು, ಕ್ವಾರಿಯಲ್ಲೇ ಬೆರೆತು ಬಂದ ಕೆಂಪು ಕಲ್ಲು. ಇಂಜಿನಿಯರಮ್ಮ ನನ್ನ ಕಡೆ ನೋಡದೆ, "ಉಲವಲು, ಸರ್" ಎಂದಳು. ತೆಲುಗಿನಲ್ಲಿ ಹುರುಳಿಗೆ ಹಾಗೆನ್ನುತ್ತಾರೆ.

ಸಾಹೇಬರು ಅವಳ ಮುಖ ನೋಡಿದರು, ರಸ್ತೆ ನೋಡಿದರು, ಆಮೇಲೆ ಜೋರಾಗಿ ನಕ್ಕರು. "ಕೆಲಸ ಚೆನ್ನಾಗಿ ಬಂತು ಅಂತ ತಮಾಷೆ ಬೇರೆ! ಸರಿ, ಮುಂದಿನ ಭಾಗ ಶುರು ಮಾಡಿಸಮ್ಮಾ" ಎಂದು ಜೀಪು ಹತ್ತಿದರು.

ನಾನು ಸುಳ್ಳು ಹೇಳಿದ್ದೆ, ಊರಿಗೆ ಊರೇ ನಂಬಿತ್ತು. ಅವಳು ನಿಜ ಹೇಳಿದಳು, ಕೇಳಿದವರು ನಂಬಲಿಲ್ಲ. ಕೆಲಸ ಉಳಿದದ್ದು ಎರಡೂ ಸೇರಿ. ಇದರಲ್ಲಿ ನನ್ನದೆಷ್ಟು, ಅವಳದೆಷ್ಟು ಎಂದು ಬೆಂಚಿನ ಮೇಲೆ ಕೂತು ಬಹಳ ಯೋಚಿಸಿದ್ದೇನೆ. ಜಂಬ ಕೊಚ್ಚಲು ಸರಿಯಾದ ಜಾಗ ಸಿಕ್ಕಿಲ್ಲ.

ಸಂಜೆ ಅವಳು ನನ್ನ ತುದಿಗೆ ಬಂದು ನಿಂತಳು. ಬೈಯಲಿಲ್ಲ. ಬೈದಿದ್ದರೆ ನನಗೆ ಅಭ್ಯಾಸವಿತ್ತು.

"ಮುಂದಿನ ಭಾಗ ತಿರುವಿನಲ್ಲಿದೆ ತಾತಾ. ಈ ತುದಿ ಆ ತುದಿಗೆ ಕಾಣೋದಿಲ್ಲ. ದಾರಿ ಖಾಲಿ ಇದೆ ಅಂತ ನೀವು ಫೋನಿನಲ್ಲಿ ಹೇಳಿದರೆ ನಾನು ಆ ಕಡೆಯಿಂದ ಲಾರಿ ಬಿಡಬೇಕು. ನಡುವೆ ಜಲ್ಲಿ ಹರಡೋ ಹೆಂಗಸರು ಇರ್ತಾರೆ. ನೀವು ಹೇಳಿದ್ದು ನಿಜ ಅಂತ ನಾನು ಹೇಗೆ ತಿಳೀಲಿ?"

ನಾನು ಮೀಸೆ ತೀಡಿ ಹೇಳಿದೆ: "ನನ್ನ ಎಡಗಿವಿ ನೋಡಮ್ಮಾ. ಫೋನಿನಲ್ಲಿ ಕಿವಿ ಕಾಣಂಗಿಲ್ಲ ಅಂದ್ರ ನಮ್ಮಾಕಿನ ಮಗ್ಗಲಿಗೆ ಕೂಡಸ್ತೀನಿ, ಆಕಿ ನೋಡಿ ಹೇಳ್ತಾಳ." ಅವಳು ಟೋಪಿ ತೆಗೆದು ನಕ್ಕುಬಿಟ್ಟಳು.

ಬೆಳಿಗ್ಗೆ ಜೀಪು ಬಂತು. ಅವಳು ಇಳಿದು, ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಬಾವುಟಗಳನ್ನು ನನ್ನ ಕೈಗೆ ಕೊಟ್ಟಳು. ತಿರುವಿನ ಕೆಲಸ ಮುಗಿಯುವವರೆಗೂ ನಾನು ಫೋನಿನಲ್ಲಿ 'ಖಾಲಿ ಐತಿ', 'ಖಾಲಿ ಇಲ್ಲ' ಎಂಬುದರ ಹೊರತು ಇನ್ನೊಂದು ಮಾತು ಆಡಲಿಲ್ಲ. ಒಂದು ದಿನವೂ ಅದು ತಪ್ಪಲಿಲ್ಲ. ಚಾಲಕರಿಗೆ ಮಾತ್ರ ಇನ್ನೂ ಹುರುಳಿಯನ್ನೇ ಹೇಳುತ್ತಿದ್ದೆ.

ಇಷ್ಟು ಹೇಳಿದ್ದರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ. ಹುರುಳಿ ಅಲ್ಲ, ಅದು ಇವತ್ತಿಗೂ ರಸ್ತೆಯಲ್ಲಿದೆ, ಬೇಕಿದ್ದರೆ ಬಂದು ಬಗ್ಗಿ ನೋಡಿ. ಕಟ್ಟಿದ್ದು ಆ ಸಂಜೆಯ ನನ್ನ ಉತ್ತರವನ್ನು, ಅದಕ್ಕೆ ಬಂದ ನಗುವನ್ನು. ಅವಳು ಹಾಗೆ ಕೇಳಿದಾಗ ನನ್ನ ಬಾಯಿಂದ ಒಂದು ಮಾತೂ ಬರಲಿಲ್ಲ. ಬಾವುಟಗಳನ್ನು ಕೋಲಿಗೆ ಸುತ್ತಿ ಅವಳಿಗೆ ವಾಪಸ್ಸು ಕೊಟ್ಟೆ, ಅವಳು ಇಸಿದುಕೊಂಡು ಹೋದಳು. ಬೆಳಿಗ್ಗೆ ತಂದು ಕೊಟ್ಟದ್ದು ಮಾತ್ರ ನಿಜ.